ಫಕ್ಕೀರವ್ವನ ಉಸಿರು

ಹಾವೇರಿಯ ಆ ಹಳೆಯ ಓಣಿಯಲ್ಲಿ ವರ್ಷಕ್ಕೊಮ್ಮೆ ಅಂಥದೊಂದು ಮಧ್ಯಾಹ್ನ ಬರುತ್ತಿತ್ತು. ಅಜ್ಜಿ ಸರಸ್ವತೀಬಾಯಿ ಕಬ್ಬಿಣದ ಬಾಣಲೆಗೆ ಎರಡು ಹನಿ ಎಣ್ಣೆ ಸವರಿ ಬ್ಯಾಡಗಿ ಮೆಣಸಿನಕಾಯಿ ಹುರಿಯಲು ಕೂತರೆ, ಮೊದಲು ಬೆಲ್ಲ ಕರಗಿದಂಥ ಸಿಹಿ ವಾಸನೆ ಮನೆಯೆಲ್ಲ ಹರಡುತ್ತಿತ್ತು. ಆಹಾ ಎನ್ನುವಷ್ಟರಲ್ಲಿ ಘಾಟು ಮೂಗಿಗೆ ಏರಿಬಿಡುತ್ತಿತ್ತು. ಓಣಿಯ ಈ ತುದಿಯಿಂದ ಆ ತುದಿಯವರೆಗೆ ಕೆಮ್ಮೇ ಕೆಮ್ಮು. ಎದುರು ಮನೆಯವರು ಕಿಟಕಿ ಮುಚ್ಚುತ್ತ, "ಸರಸ್ವತೀಬಾಯಾರ, ಸಾರಿನಪುಡಿ ಆದಮ್ಯಾಲೆ ನಮಗೂ ಒಂದು ವಾಟಗಾ ಕಳಸ್ರಿ. ಕೆಮ್ಮಿದ್ದಕ್ಕ ಕೂಲಿ!" ಎಂದು ಕೂಗುತ್ತಿದ್ದರು. ಕಣ್ಣಲ್ಲಿ ನೀರು ತುಂಬಿಕೊಂಡು ಕೆಮ್ಮುತ್ತಿದ್ದ ಮೊಮ್ಮಗಳಿಗೆ ಅಜ್ಜಿ ಹೇಳುತ್ತಿದ್ದ ಮಾತು ಒಂದೇ. "ಕೆಮ್ಮು ಬಂತಂದ್ರ ಕಾಯಿ ಚಲೋ ಅದ ಅಂತ ತಿಳ್ಕೋ, ಪದ್ದಿ."

ಆ ಮೊಮ್ಮಗಳು ಪದ್ಮಜಾ ಈಗ ನಲವತ್ತು ದಾಟಿದವಳು, ರಾಣೆಬೆನ್ನೂರಿನ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪ್ರಾಧ್ಯಾಪಕಿ. ಬ್ಯಾಡಗಿಗೆ ಕಾಲಿಟ್ಟಾಗಲೆಲ್ಲ ಅದೇ ವಾಸನೆ ಅವಳನ್ನು ಎದುರುಗೊಳ್ಳುತ್ತಿತ್ತು. ಆದರೆ ಇಲ್ಲಿ ಅದು ಒಂದು ಮಧ್ಯಾಹ್ನದ ಮಾತಲ್ಲ. ಗೋದಾಮುಗಳ ಅಂಗಳದಲ್ಲಿ ಗುಡ್ಡೆ ಹಾಕಿದ ಕೆಂಪು ಕಾಯಿಯ ಮುಂದೆ ಸಾಲಾಗಿ ಕೂತು ತೊಟ್ಟು ಬಿಡಿಸುವ ಹೆಂಗಸರಿಗೆ ಅದು ಹಂಗಾಮು ಪೂರ್ತಿಯ ಉಸಿರು. ತಲೆ, ಮುಖ ಎಲ್ಲ ಬಟ್ಟೆಯಿಂದ ಸುತ್ತಿಕೊಂಡು ಕಣ್ಣಷ್ಟೇ ಬಿಟ್ಟು ಅವರು ಕೂತಿರುತ್ತಿದ್ದರು. ಒಬ್ಬಳು ಕೆಮ್ಮಿದರೆ ಸಾಲಿಗೆ ಸಾಲೇ ಕೆಮ್ಮುತ್ತಿತ್ತು.

ಈ ಕೆಮ್ಮೇ ಪದ್ಮಜಾಗೆ ದೂರದ ಹಂಗೇರಿ ದೇಶದಲ್ಲೊಬ್ಬ ಗೆಳತಿಯನ್ನು ಗಳಿಸಿಕೊಟ್ಟಿತ್ತು. ಅಲ್ಲಿಯ ವಿಶ್ವವಿದ್ಯಾಲಯವೊಂದರಲ್ಲಿ ನರ್ಸಿಂಗ್ ಕಲಿಸುವ ಇಲ್ದಿಕೊ ಒಂದು ಆನ್‌ಲೈನ್ ಗೋಷ್ಠಿಯಲ್ಲಿ, ನಮ್ಮ ಸೀಮೆಯಲ್ಲೂ ಮೆಣಸಿನಕಾಯಿಯನ್ನು ಮಾಲೆ ಕಟ್ಟಿ ಗೋಡೆಗೆ ತೂಗುಹಾಕುತ್ತಾರೆ, ನಮ್ಮ ಸೋದರತ್ತೆಗೂ ಇದೇ ಕೆಮ್ಮಿತ್ತು ಎಂದಿದ್ದಳು. ಇಬ್ಬರೂ ಸೇರಿ ಸಂಶೋಧನೆ ಹೂಡಿದರು. ಇಲ್ದಿಕೊ ಕಳಿಸಿದ ಮಾದರಿಯಂತೆ ಪದ್ಮಜಾಳ ವಿದ್ಯಾರ್ಥಿನಿಯರು ದಪ್ಪ ಪದರದ ಮಾಸ್ಕ್ ಹೊಲಿದರು. ಮಾಸ್ಕ್ ಕೊಡುವ ಮೊದಲು, ಹೋದ ಹಂಗಾಮಿನಲ್ಲಿ, ಒಬ್ಬೊಬ್ಬ ಹೆಂಗಸಿನ ಉಸಿರನ್ನೂ ಯಂತ್ರಕ್ಕೆ ಊದಿಸಿ ಅಳೆದರು. ಈ ಹಂಗಾಮಿನಲ್ಲಿ ಮತ್ತೆ ಅಳೆದರು. ಆ ಯಂತ್ರಕ್ಕೆ ಹೆಂಗಸರು ಇಟ್ಟ ಹೆಸರು 'ಪಿಪಿ'.

ಎರಡನೆಯ ಅಳತೆ ಎಲ್ಲರೂ ಬೆರಗಾಗುವಷ್ಟು ಚೆನ್ನಾಗಿ ಬಂದಿತ್ತು. ಫಲಿತಾಂಶ ಹೇಳಲು ಹಾವೇರಿಯಲ್ಲಿ ಅಧಿಕಾರಿಗಳನ್ನೂ ವರ್ತಕರನ್ನೂ ಕರೆದ ಸಭೆ ನಾಳೆ. ಅದಕ್ಕೆಂದೇ ಇಲ್ದಿಕೊ ಬಂದಿದ್ದಳು. ಸಭೆ ಗೆದ್ದರೆ ಯೋಜನೆ ಮುಂದುವರಿಯುತ್ತಿತ್ತು, ಪದ್ಮಜಾ ಆರು ತಿಂಗಳು ಹಂಗೇರಿಗೆ ಹೋಗುತ್ತಿದ್ದಳು. ಕಾಲೇಜಿನ ಗೇಟಿಗೆ ಆಗಲೇ ಅಭಿನಂದನೆಯ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಪದ್ಮಜಾಳ ಮುಖಕ್ಕಿಂತ ಪ್ರಿನ್ಸಿಪಾಲ್ ಆನಂದತೀರ್ಥರ ಮುಖವೇ ದೊಡ್ಡದಿತ್ತು.

ಆ ದಿನ ಮಧ್ಯಾಹ್ನ ಇಬ್ಬರೂ ಬ್ಯಾಡಗಿಯ ಅಂಗಳಕ್ಕೆ ಬಂದಾಗ ಹೆಂಗಸರಲ್ಲಿ ಗುಜುಗುಜು ಎದ್ದಿತು.

"ಬಂದ್ಳ ನೋಡವಾ ನಮ್ಮ ಯಲ್ಲವ್ವ!"

ಇಲ್ದಿಕೊ ಎಂಬ ಹೆಸರು ಯಾರ ನಾಲಿಗೆಗೂ ಹತ್ತಿರಲಿಲ್ಲ. ಬಂದ ಮೊದಲ ದಿನವೇ ಅವಳನ್ನು ಯಲ್ಲವ್ವ ಮಾಡಿ ಮುಗಿಸಿದ್ದರು. ಯಲ್ಲವ್ವ ಕೈಮುಗಿದು ನಕ್ಕಳು. ಆಮೇಲೆ ಪದ್ಮಜಾಳ ಕಡೆ ತಿರುಗಿ, ಯಾರ ಉಸಿರು ಎಲ್ಲರಿಗಿಂತ ಹೆಚ್ಚು ಸುಧಾರಿಸಿದೆಯೋ ಆ ಫಕ್ಕೀರವ್ವನನ್ನು ನೋಡಬೇಕಲ್ಲ ಎಂದಳು.

ಪದ್ಮಜಾಗೆ ಫಕ್ಕೀರವ್ವ ಚೆನ್ನಾಗಿ ನೆನಪಿದ್ದಳು. ಹೋದ ವರ್ಷ ಅವಳ ಕೈಯಲ್ಲಿ ಪಿಪಿ ಹಿಡಿಸಿ ಕೂರಿಸಿದ್ದು ತಾನೇ. ಗಲ್ಲದ ಮೇಲೆ ಹಚ್ಚೆಯ ಚುಕ್ಕಿ, ನೆರೆತ ಕೂದಲು. ಒಂದು ಸಲ ಊದಲು ಮೂರು ಸಲ ದಣಿವಾರಿಸಿಕೊಂಡಿದ್ದಳು. ಅಂದೇ ಅವಳನ್ನು ಡಾಕ್ಟರ ಹತ್ತಿರ ಕಳಿಸಿ, ಬಾಯಿಗೆ ಹೊಡೆದುಕೊಳ್ಳುವ ಪಂಪು ಕೊಡಿಸಿದ್ದಾಗಿತ್ತು.

"ಫಕ್ಕೀರವ್ವಾ!" ಎಂದು ಪದ್ಮಜಾ ಕರೆದಳು.

"ಓ, ಬಂದೇನ್ರಿ ಬಾಯಾರ!"

ಸಾಲಿನ ನಡುವಿನಿಂದ ಒಬ್ಬಳು ಚಂಗನೆ ಎದ್ದು ಬಂದಳು. ಮುಖಕ್ಕೆ ಸುತ್ತಿದ್ದ ಬಟ್ಟೆಯನ್ನೂ ಮಾಸ್ಕನ್ನೂ ಬಿಚ್ಚಿದಳು. ಇಪ್ಪತ್ತೈದರ ಆಸುಪಾಸಿನ ಹುಡುಗಿ. ಗಲ್ಲದ ಮೇಲೆ ಚುಕ್ಕಿಯಿಲ್ಲ. ಎದೆಯ ಮೇಲೆ ಮಾತ್ರ ಕಾಲೇಜಿನವರು ಕೊಟ್ಟ ಬಿಲ್ಲೆ ತೂಗುತ್ತಿತ್ತು, ಫಕ್ಕೀರವ್ವನ ಹೆಸರಿನದು.

ಪದ್ಮಜಾ ಬಿಲ್ಲೆ ನೋಡಿದಳು, ಮತ್ತೆ ಮುಖ ನೋಡಿದಳು. "ನೀ ಯಾರವಾ?"

"ನಾ ಶ್ವೇತಾರಿ, ಫಕ್ಕೀರವ್ವನ ಸೊಸಿ. ಅತ್ತಿಗೆ ಆರಾಮಿಲ್ಲಂತ ಆಕಿ ಬದ್ಲಿ ಬರಾಕತ್ತೇನ್ರಿ. ಹಂಗಾಮು ಸುರು ಆದಾಗಿಂದ ನಾನಽ ಬರತೇನಿ."

"ಮೊನ್ನೆ ಪಿಪಿ ಊದಿದವರು ಯಾರು?"

"ನಾನಽರಿ. ಜೋರ ಊದು ಅಂದ್ರು, ಊದೀನಿ. ಆ ಹುಡುಗ್ಯಾರು ಚಪ್ಪಾಳಿ ಬ್ಯಾರೆ ಹೊಡದ್ರು!" ಎಂದು ಶ್ವೇತಾ ನಕ್ಕಳು. ಪದ್ಮಜಾಳ ಮುಖ ನೋಡಿ ನಗು ಅರ್ಧಕ್ಕೇ ನಿಂತಿತು.

ಅಷ್ಟರಲ್ಲಿ ಆ ಗುಂಪಿಗೆ ಯಜಮಾನಿಯಂತಿದ್ದ ಮೈಲವ್ವ ಸೊಂಟಕ್ಕೆ ಸೆರಗು ಸಿಗಿಸಿಕೊಂಡು ಬಂದಳು. ಆಳುಗಳನ್ನು ಕೂಡಿಸಿ ತರುವವಳು ಅವಳೇ. "ಯಾಕ್ರಿ ಬಾಯಾರ, ಏನ ತಪ್ಪಾತು? ಜಾಗಾ ಖಾಲಿ ಬಿಟ್ರ ನಾಳೆ ಮತ್ತೊಬ್ರು ಬಂದು ಕುಂದರತಾರ. ಅದಕ್ಕ ಸೊಸಿನೋ ಮಗಳೋ ಬಂದು ಜಾಗಾ ಕಾಯ್ತಾರ್ರಿ. ಮಂದಿ ಬದ್ಲಿ ಆಗತಾರ, ಹೆಸರು ಬದ್ಲಿ ಆಗೂದಿಲ್ಲ. ನಮ್ಮ ಅವ್ವಾರ ಕಾಲದಿಂದ ಹಿಂಗಽ ನಡದೈತಿ."

"ನನಗ ಒಂದು ಮಾತು ಹೇಳಬಾರದಿತ್ತೇನು, ಮೈಲವ್ವಾ?"

"ನೀವು ಹೆಸರು ಕರದ್ರಿ, ನಾವು ಓ ಅಂದ್ವಿ. ಮುಖಾ ತೋರಸ್ರಿ ಅಂತ ನೀವು ಯಾವಾಗ ಅಂದ್ರಿ?"

ಅದು ನಿಜವೆಂದು ಪದ್ಮಜಾಗೆ ಗೊತ್ತಿತ್ತು. ಮೊದಲ ಸಲ ಪ್ರತಿಯೊಬ್ಬರ ಪಕ್ಕ ತಾನೇ ಕೂತಿದ್ದಳು. ಎರಡನೆಯ ಸಲ ಆ ಕೆಲಸವನ್ನು ಹೊಸ ತಂಡದ ವಿದ್ಯಾರ್ಥಿನಿಯರಿಗೆ ಬಿಟ್ಟು, ಲ್ಯಾಪ್‌ಟಾಪಿನಲ್ಲಿ ಹಂಗೇರಿಯವರಿಗೆ ಅಂಗಳ ತೋರಿಸುತ್ತ ನಿಂತಿದ್ದಳು. ನಮ್ಮ ಹೆಂಗಸರು ಎಷ್ಟು ಉತ್ಸಾಹದಿಂದ ಊದುತ್ತಾರೆ ನೋಡಿ ಎಂದು ಹೆಮ್ಮೆಯಿಂದ ಹೇಳಿಯೂ ಇದ್ದಳು.

ಆದರೆ ಅವಳು ಹೆದರಿದ್ದು ಅದಕ್ಕಲ್ಲ. "ಶ್ವೇತಾ, ಊದಿದ ಮ್ಯಾಲೆ ನಮ್ಮ ಹುಡುಗ್ಯಾರು ಏನಂದ್ರು?"

"ಫಕ್ಕೀರವ್ವನ ಉಸಿರು ಪೂರಾ ಚಲೋ ಆಗೇತಿ ಅಂದ್ರು. ಮನಿಗೆ ಹೋಗಿ ಅತ್ತಿಗೆ ಹೇಳಿದ್ನಿ. ಕಾಲೇಜಿನವರಽ ಅಂದಾರಂದ್ರ ಖರೇನಽ ಇರಬೇಕಂತ ಪಂಪು ಬಿಟ್ಟಬಿಟ್ರು. ಈ ಘಾಟು ಬ್ಯಾಡಂತ ಐರಣಿಗೆ ತಂಗಿ ಮನಿಗೆ ಹೋಗ್ಯಾರ್ರಿ." ಹುಡುಗಿಯ ದನಿ ಸಣ್ಣಗಾಯಿತು. "ಯಾಕ್ರಿ? ಬಿಡಬಾರದಿತ್ತೇನ್ರಿ?"

"ಫೋನ್ ಹಚ್ಚು. ಲಗೂ."

ಎರಡು ಸಲ ಗಂಟೆ ಬಾರಿಸಿ ನಿಂತಿತು. ಮೂರನೆಯ ಸಲ ಫಕ್ಕೀರವ್ವನ ತಂಗಿ ಸೋಮವ್ವ ಎತ್ತಿದಳು. ಶ್ವೇತಾ ಫೋನನ್ನು ಪದ್ಮಜಾಳ ಕೈಗಿಟ್ಟಳು.

"ಅಕ್ಕಗ ಮಾತಾಡಾಕ ಬರವಲ್ದು, ಎಲ್ಲಿ ಫೋನ್ ಕೊಡಲಿ?" ಎಂದಳು ಸೋಮವ್ವ. "ನಿನ್ನೆ ಸಂಜಿಯಿಂದ ಕುಂತಲ್ಲೇ ಅದಾಳ. ಮಲಗು ಅಂದ್ರ ಒಲ್ಲೆ ಅಂತಾಳ. ಥಂಡಿಗೆ ನೆಗಡಿ ಆಗೇತಿ, ಕಷಾಯ ಮಾಡಿ ಕೊಟ್ಟೇನಿ."

ಮಲಗಿದರೆ ಉಸಿರು ಕಟ್ಟುತ್ತದೆಂದು ಕೂತೇ ಇರುವ ರೋಗಿ ಎಷ್ಟು ಅಪಾಯದಲ್ಲಿರುತ್ತಾರೆಂದು ಪದ್ಮಜಾ ಇಪ್ಪತ್ತು ವರ್ಷದಿಂದ ಕಲಿಸುತ್ತ ಬಂದಿದ್ದಳು. ೧೦೮ಕ್ಕೆ ಫೋನ್ ಮಾಡಿದಳು. ಹತ್ತಿರದ ಗಾಡಿ ಹೆರಿಗೆಯ ಹೆಂಗಸೊಬ್ಬಳನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟಿತ್ತು, ಅವಳನ್ನು ಇಳಿಸಿ ಬರಬೇಕು. ಯಂತ್ರದ ಪೆಟ್ಟಿಗೆ ಕಾರಿನಲ್ಲೇ ಇತ್ತು. ಪರೀಕ್ಷೆಗೆಂದು ಇಟ್ಟ ಪಂಪೂ ಅದರಲ್ಲಿತ್ತು. ಶ್ವೇತಾಳನ್ನು ಹಿಂದೆ ಕೂರಿಸಿಕೊಂಡು ಪದ್ಮಜಾ ಕಾರು ತಿರುಗಿಸಿದಳು. ಇಲ್ದಿಕೊ ಪ್ರಶ್ನೆ ಕೇಳದೆ ಪಕ್ಕದಲ್ಲಿ ಕೂತು ಬೆಲ್ಟು ಹಾಕಿಕೊಂಡಳು.

ದಾರಿಯಲ್ಲಿ ಪದ್ಮಜಾ ಎಲ್ಲವನ್ನೂ ಇಂಗ್ಲಿಷಿನಲ್ಲಿ ಅವಳಿಗೆ ಹೇಳಿದಳು. ಕಣ್ಣು ರಸ್ತೆಯ ಮೇಲೆ ಇಟ್ಟುಕೊಂಡು ಹೇಳುವುದೇ ಸುಲಭವಾಗಿತ್ತು.

ಇಲ್ದಿಕೊ ಕೊನೆಯವರೆಗೆ ಕೇಳಿಸಿಕೊಂಡಳು. ಆಮೇಲೆ, "ಇಂಥವರು ಎಷ್ಟು ಜನ?" ಎಂದು ಕೇಳಿದಳು.

ಮೈಲವ್ವನಿಗೆ ಫೋನ್ ಮಾಡಿ ಕೇಳಲು ಪದ್ಮಜಾ ಶ್ವೇತಾಗೆ ಹೇಳಿದಳು. ಮೈಲವ್ವನ ದೊಡ್ಡ ದನಿ ಕಾರಿನ ತುಂಬ ಕೇಳಿಸಿತು. "ಅರ್ಧಕ್ಕರ್ಧ ಬದ್ಲಿ ಆಗ್ಯಾರವಾ. ಆರಾಮಿಲ್ಲದವರಽ ಮನ್ಯಾಗ ಕುಂತಾರ, ಗಟ್ಟಿ ಇದ್ದವರು ಬರತಾರ. ಮತ್ತ ಹೆಂಗ ಆಗಬೇಕು?"

ಪದ್ಮಜಾ ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಳು. ಬೇನೆಯವರೆಲ್ಲ ಮನೆಗೆ ಸರಿದಿದ್ದರು, ಆರೋಗ್ಯದವರು ಬಂದು ಅವರ ಹೆಸರಿನಲ್ಲಿ ಊದಿದ್ದರು. ಮಾಸ್ಕಿನಿಂದ ಉಸಿರು ಸುಧಾರಿಸಿದೆ ಎಂದು ನಾಳೆ ಹೇಳಹೊರಟದ್ದು ಇದನ್ನೇ.

"ನಾವು ಕಳಿಸಿದ ವರದಿಯಲ್ಲಿ ನನ್ನ ಹೆಸರೂ ಇದೆ," ಎಂದಳು ಇಲ್ದಿಕೊ. ಆಮೇಲೆ ಕಿಟಕಿಯ ಕಡೆ ಮುಖ ತಿರುಗಿಸಿದಳು.

ರಾಣೆಬೆನ್ನೂರು ದಾಟುವಾಗ ಆನಂದತೀರ್ಥರ ಫೋನ್ ಬಂತು. ಸಂಜೆ ಅತಿಥಿಗೆ ಊಟ ಇಟ್ಟುಕೊಂಡಿದ್ದರು, ಎಲ್ಲಿದ್ದೀರಿ ಎಂದು ಕೇಳಿದರು. ಪದ್ಮಜಾ ಎರಡೇ ಮಾತಿನಲ್ಲಿ ತಿಳಿಸಿದಳು.

"ಪೇಷಂಟನ್ನ ನೋಡ್ರಿ, ಬ್ಯಾಡ ಅನ್ನೂದಿಲ್ಲ," ಎಂದರು ಪ್ರಿನ್ಸಿಪಾಲರು. "ಆದ್ರ ಆ ಅಳತಿ ವಿಷಯ ನಾಳೆ ಸಭಾ ಮುಗಿಯೂ ತನಕಾ ಬಾಯಿ ಬಿಡಬ್ಯಾಡ್ರಿ. ಡಿ.ಸಿ. ಸಾಹೇಬ್ರು ಬರಲಿಕತ್ತಾರ. ಮುಂದ ಸಾವಕಾಶ ಸರಿ ಮಾಡೋಣಂತ. ನೀವು ಶಾಣ್ಯಾರಿದ್ದೀರಿ, ಪದ್ಮಜಾ ಅವ್ರ."

"ಗಾಡಿ ಓಡಸಲಿಕತ್ತೀನಿ ಸರ್," ಎಂದು ಅವಳು ಫೋನ್ ಇಟ್ಟಳು.

ಐರಣಿಯ ರಸ್ತೆಯಲ್ಲಿ ಒಂದು ಕಡೆ ಅರ್ಧ ಡಾಂಬರಿನ ಮೇಲೆ ಗೋವಿನಜೋಳ ಒಣಹಾಕಿದ್ದರು. ಮುಂದೆ ಟ್ರ್ಯಾಕ್ಟರ್ ನಿಂತು ಉಳಿದ ದಾರಿಯೂ ಕಟ್ಟಿತ್ತು. ಪದ್ಮಜಾ ಹಾರ್ನ್ ಮೇಲೆ ಹಾರ್ನ್ ಹೊಡೆದಳು. ಕಾಳು ಕಾಯುತ್ತ ಕೂತಿದ್ದ ಮುದುಕನೊಬ್ಬ ಸಿಟ್ಟಿನಿಂದ ಎದ್ದ. "ಏನ ಮೈಮ್ಯಾಲೆ ಹಾಯಿಸ್ತೀರೇನು?"

ಶ್ವೇತಾ ಕಿಟಕಿಯಿಂದ ತಲೆ ಹಾಕಿ, "ಯಜ್ಜಾ, ನಮ್ಮತ್ತಿಗೆ ಉಸಿರು ಹತ್ತೇತಿ!" ಎಂದಳು.

ಮುದುಕ ಪಕ್ಕಕ್ಕೆ ಸರಿದು, ಒಣಹಾಕಿದ ತನ್ನ ಕಾಳನ್ನೇ ತೋರಿಸಿ, "ಇದರ ಮ್ಯಾಲೆ ಹಾಯಿಸಿ ಹೋಗ್ರಿ. ಕಾಳೇನು, ಮತ್ತ ಆರಿಸಿಕೊಂಡೇನು," ಎಂದು ಕೈಬೀಸಿದ. ಗಾಲಿಯ ಕೆಳಗೆ ಜೋಳ ಚಟಚಟನೆ ಸಿಡಿಯಿತು.

ಸೋಮವ್ವನ ಮನೆಯ ಪಡಸಾಲೆಯಲ್ಲಿ ಫಕ್ಕೀರವ್ವ ಎರಡೂ ಕೈಗಳನ್ನು ಮೊಳಕಾಲಿಗೆ ಊರಿ, ಮುಂದಕ್ಕೆ ಬಾಗಿ ಕೂತಿದ್ದಳು. ಒಂದೊಂದು ಉಸಿರಿಗೂ ಕೊರಳ ನರ ಬಿಗಿಯುತ್ತಿತ್ತು. ತುಟಿ ಕಪ್ಪಿಟ್ಟಿತ್ತು. ಬಂದವರನ್ನು ಕಂಡು, "ಚಾಪಿ... ಹಾಸ..." ಎಂದಳು ತಂಗಿಗೆ. ಮುಂದಿನ ಮಾತಿಗೆ ಉಸಿರು ಸಾಲಲಿಲ್ಲ.

"ಮಾತಾಡಬ್ಯಾಡ್ರಿ ಫಕ್ಕೀರವ್ವ. ನನ್ನ ನೋಡ್ರಿ. ನಾ ಹೇಳಿದಂಗ ಉಸಿರು ಜಗ್ಗ್ರಿ."

ಪದ್ಮಜಾ ಬೆರಳಿಗೆ ಆಮ್ಲಜನಕ ತೋರಿಸುವ ಕ್ಲಿಪ್ಪು ಹಾಕಿದಳು. ಅಂಕಿ ನೋಡಿ ಇಲ್ದಿಕೊ ಕಡೆ ಕಣ್ಣೆತ್ತಿದಳು. ಇಲ್ದಿಕೊ ಆಗಲೇ ನೆಲಕ್ಕೆ ಮಂಡಿಯೂರಿ, ಫಕ್ಕೀರವ್ವನ ಬೆನ್ನಿಗೆ ತನ್ನ ಎದೆ ಕೊಟ್ಟು ಕೂತಿದ್ದಳು. ಪಂಪಿಗೆ ಪ್ಲಾಸ್ಟಿಕ್ ನಳಿಗೆ ಸಿಕ್ಕಿಸಿ ಪದ್ಮಜಾ ಬಾಯಿಗೆ ಹಿಡಿದಳು. ಒಂದು ಸಲ ಒತ್ತುವುದು, ಜಗ್ಗಿಸುವುದು, ಕಾಯುವುದು. ಮತ್ತೆ ಒತ್ತುವುದು. ಯಾರು ಏನು ಮಾಡಬೇಕೆಂದು ಇಬ್ಬರ ಕೈಗೂ ಗೊತ್ತಿತ್ತು. ಬಾಗಿಲಲ್ಲಿ ನೆರೆದ ಮಂದಿಯನ್ನು ಸೋಮವ್ವ, "ಗಾಳಿ ಬಿಡ್ರಿ, ಗಾಳಿ!" ಎಂದು ಹಿಂದಕ್ಕೆ ಸರಿಸುತ್ತಿದ್ದಳು.

ಕೊರಳ ನರ ತುಸು ಸಡಿಲವಾಯಿತು. ಅಷ್ಟೇ ಸಾಕು, ಹೊರಡಲು ಅದು ಸಾಕು. ನೆರೆಮನೆಯ ಇಬ್ಬರು ಗಂಡಸರು ಫಕ್ಕೀರವ್ವನನ್ನು ಕುರ್ಚಿಯ ಸಮೇತ ಎತ್ತಿ ಕಾರಿಗೆ ತಂದರು. ರಾಣೆಬೆನ್ನೂರಿನ ಆಸ್ಪತ್ರೆ ಮುಟ್ಟುವವರೆಗೆ ಇಲ್ದಿಕೊ ಹಿಂದಿನ ಸೀಟಿನಲ್ಲಿ ಅವಳನ್ನು ಅದೇ ರೀತಿ ಒರಗಿಸಿಕೊಂಡು, ಪಂಪು ಹಿಡಿದು ಕೂತಳು. ಕನ್ನಡಿಯಲ್ಲಿ ಪದ್ಮಜಾ ನೋಡಿದಳು. ಫಕ್ಕೀರವ್ವನ ಹಣೆಯ ಬೆವರನ್ನು ಯಲ್ಲವ್ವ ತನ್ನ ಓಢಣಿಯ ತುದಿಯಿಂದ ಒರೆಸುತ್ತಿದ್ದಳು. ಆದರೆ ಕನ್ನಡಿಯಲ್ಲಿ ಪದ್ಮಜಾಳ ಕಣ್ಣು ಸಿಕ್ಕಾಗ ಅವಳ ಮುಖ ಕಲ್ಲಾಯಿತು.

ಆಸ್ಪತ್ರೆಯಲ್ಲಿ ಆಮ್ಲಜನಕ ಹಚ್ಚಿದರು, ಇಂಜೆಕ್ಷನ್ ಕೊಟ್ಟರು. ಕತ್ತಲಾಗುವ ಮೊದಲು ಡಾಕ್ಟರು ಹೊರಗೆ ಬಂದು, ಇವತ್ತೊಂದು ರಾತ್ರಿ ನೋಡಬೇಕು ಎಂದರು. ಶ್ವೇತಾ ಅತ್ತೆಯ ಕಾಲ ಹತ್ತಿರ ಕೂತವಳು ಏಳಲಿಲ್ಲ.

ಹೊರಗಿನ ಕಟ್ಟೆಯ ಮೇಲೆ ಇಲ್ದಿಕೊ ಕೇಳಿದಳು. "ನಾಳೆ ನೀವು ಏನು ಹೇಳುತ್ತೀರಿ?"

ನಾವು ಎನ್ನಲಿಲ್ಲ, ನೀವು ಎಂದಳು. ಮೂರು ವರ್ಷದಲ್ಲಿ ಇದೇ ಮೊದಲು.

"ಇದ್ದದ್ದನ್ನು ಹೇಳುತ್ತೇನೆ," ಎಂದಳು ಪದ್ಮಜಾ. "ಹೇಳದಿದ್ದರೆ ಉಳಿದವರು ಮನೆಯಲ್ಲಿ ಹೀಗೇ ಕೂತಿರುತ್ತಾರೆ, ನಾವೇ ಚೆನ್ನಾಗಿದೆ ಅಂದಿದ್ದೇವೆ ಎಂದು ನಂಬಿಕೊಂಡು."

"ಹಣ ನಿಲ್ಲಬಹುದು. ನಿಮ್ಮ ಪ್ರಯಾಣವೂ ನಿಲ್ಲುತ್ತದೆ. ಅದು ನಿಲ್ಲದಂತೆ ತಡೆಯುವ ಅಧಿಕಾರ ನನಗಿಲ್ಲ."

"ಗೊತ್ತು."

ಮರುದಿನ ಸಭೆ ಹೂವಿನಿಂದಲೂ ಬ್ಯಾನರಿನಿಂದಲೂ ತುಂಬಿತ್ತು. ಆನಂದತೀರ್ಥರು ಸ್ವಾಗತ ಭಾಷಣದಲ್ಲಿ ಹಂಗೇರಿಯನ್ನೂ ಹಾವೇರಿಯನ್ನೂ ಪ್ರಾಸ ಹಾಕಿ ಹೊಗಳಿ, ಪದ್ಮಜಾಳ ಕಡೆ ಒಂದು ಸಲ ಅರ್ಥಗರ್ಭಿತವಾಗಿ ನೋಡಿ ಕೂತರು. ಪದ್ಮಜಾ ಎದ್ದು ಮೈಕು ಹಿಡಿದಳು. ಹಿಂದಿನ ಪರದೆಯ ಮೇಲೆ ಏನನ್ನೂ ತೋರಿಸಲಿಲ್ಲ.

"ಉಸಿರು ಸುಧಾರಿಸಿದೆ ಎಂದು ನಾವು ಕಳಿಸಿದ ವರದಿಯನ್ನು ನಂಬಬೇಡಿ," ಎಂದಳು. "ಮೊದಲ ಸಲ ಊದಿದವರು ಒಬ್ಬರು, ಎರಡನೆಯ ಸಲ ಊದಿದವರು ಬಹಳ ಕಡೆ ಇನ್ನೊಬ್ಬರು. ನಾವು ಹೆಸರು ಕರೆದೆವು, ಮುಖ ನೋಡಲಿಲ್ಲ."

ಮುಂದಿನ ಸಾಲಿನಲ್ಲಿದ್ದ ವರ್ತಕ ವಿರೂಪಾಕ್ಷಪ್ಪ ಮೊದಲು ಬಾಯಿಬಿಟ್ಟರು. "ಹಂಗಾರ ಮಾಸ್ಕು ಸುಳ್ಳೇನ್ರಿ?"

"ಸುಳ್ಳು ಅಂತ ಹೇಳಲಿಕ್ಕೆ ಬರೂದಿಲ್ರಿ, ಖರೇ ಅಂತನೂ ಹೇಳಲಿಕ್ಕೆ ಬರೂದಿಲ್ಲ. ಗೊತ್ತಿಲ್ಲ."

"ಎರಡು ಹಂಗಾಮು ಪಿಪಿ ಊದಿಸಿ ಗೊತ್ತಿಲ್ಲ ಅಂದ್ರ ಹೆಂಗ್ರಿ ಬಾಯಾರ! ಇದಕ್ಕಿಂತ ಬ್ಯಾಂಡಿನವರನ್ನ ಕರಸಿದ್ರ ಒಂದು ಹಾಡಾದ್ರೂ ಕೇಳಬಹುದಿತ್ತು." ಸಭೆಯಲ್ಲಿ ನಗು ಎದ್ದಿತು. ವಿರೂಪಾಕ್ಷಪ್ಪ ನಗಲಿಲ್ಲ. "ಮೋಸ ಮಾಡಿದ ಹೆಣ್ಣಮಕ್ಕಳು ಯಾರ್ಯಾರು ಅಂತ ಹೆಸರು ಕೊಡ್ರಿ. ನಾಳೆಯಿಂದ ಅಂಗಳಕ್ಕ ಕಾಲಿಡೂದು ಬ್ಯಾಡ."

ಈ ಮಾತಿಗೇ ಪದ್ಮಜಾ ರಾತ್ರಿಯೆಲ್ಲ ಹೆದರಿದ್ದು.

"ಅವರು ಯಾರೂ ಮೋಸ ಮಾಡಿಲ್ರಿ," ಎಂದಳು. "ಜಾಗಾ ಉಳಿಸಿಕೊಳ್ಳಲಿಕ್ಕೆ ಬಂದು ಕೂತಾರ. ನಿಮ್ಮ ಅಂಗಳದಾಗ ಇದು ಮೊದಲಿಂದ ನಡದದ ಅಂತ ನಿಮಗೂ ಗೊತ್ತಿತ್ತು. ನನಗ ಗೊತ್ತಿರಲಿಲ್ಲ, ನಾ ಕೇಳಲಿಲ್ಲ. ತಪ್ಪು ನಂದು. ಬರದೇ ಮನ್ಯಾಗ ಕೂತವರು ಎಲ್ಲಿದ್ದಾರೋ ಅಲ್ಲಿಗೆ ನಾವು ಹೋಗಬೇಕಾಗ್ಯದ. ಅವರಿಗೆ ಚಲೋ ಆಗೇದ ಅಂತ ಸುಳ್ಳು ಹೇಳಿ ಕಳಿಸೀವಿ. ಅವರಾಗ ಒಬ್ಬಾಕಿ ನಿನ್ನೆ ಸಾಯಲಿಕತ್ತಿದ್ದಳು."

ವಿರೂಪಾಕ್ಷಪ್ಪ ಟೊಪ್ಪಿಗೆ ತೆಗೆದು ಮತ್ತೆ ಇಟ್ಟುಕೊಂಡರು. ಅಧಿಕಾರಿಗಳು ಗಡಿಯಾರ ನೋಡಿದರು. ಇಲ್ದಿಕೊ ಎದ್ದು ಮಾತಾಡಬಹುದೆಂದು ಪದ್ಮಜಾ ಒಂದು ಕ್ಷಣ ಕಾದಳು. ಇಲ್ದಿಕೊ ಏಳಲಿಲ್ಲ. ಸಭೆ ಹೇಗೋ ಮುಗಿಯಿತು. ಹೊರಗೆ ಊಟದ ಎಲೆ ಹಾಕಿದ್ದರೂ ಪದ್ಮಜಾಳನ್ನು ಕೂರು ಎಂದು ಯಾರೂ ಕರೆಯಲಿಲ್ಲ. ಆನಂದತೀರ್ಥರು ಅವಳ ಪಕ್ಕದಿಂದಲೇ ಹಾದು ಹೋದರು.

ಇಲ್ದಿಕೊ ಕಾರಿನ ಹತ್ತಿರ ಕಾದು ನಿಂತಿದ್ದಳು. ಇಬ್ಬರೂ ನೇರ ರಾಣೆಬೆನ್ನೂರಿಗೆ ಬಂದರು.

ಆಸ್ಪತ್ರೆಯ ವಾರ್ಡಿನಲ್ಲಿ ಫಕ್ಕೀರವ್ವ ಎರಡು ದಿಂಬಿಗೆ ಒರಗಿ ಮಲಗಿದ್ದಳು. ಒರಗಿಯೇ ಆಗಲಿ, ಮಲಗಿದ್ದಳು. ಪದ್ಮಜಾಳನ್ನು ಕಂಡು ಮೂಗಿನ ನಳಿಗೆ ಸರಿಸಿ, "ಬಾಯಾರ, ಪಿಪಿ ತಂದೀರೇನು? ಈ ಸಲ ನಾನಽ ಊದತೇನಿ," ಎಂದಳು, ಒಂದೇ ಉಸಿರಿನಲ್ಲಿ.

ಪದ್ಮಜಾಗೆ ನಗಬೇಕೆನಿಸಿತು, ಬಂದದ್ದು ಅಳು. ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಮೈಲವ್ವನಿಗೆ ಫೋನ್ ಮಾಡಿ, ಮನೆಯಲ್ಲಿ ಉಳಿದವರ ಊರು, ಓಣಿ ಒಂದೊಂದಾಗಿ ಕೇಳತೊಡಗಿದಳು. ಮೈಲವ್ವ ಮೊದಲು ಬೈದಳು, ಆಮೇಲೆ ಹೇಳಿದಳು. ಕೊನೆಗೆ, "ನಾನಽ ಸಂಗಡ ಬರತೇನಿ ತಗೋರಿ, ನಿಮಗ ಮನಿ ಸಿಗೂದಿಲ್ಲ," ಎಂದಳು.

ಫೋನ್ ಇಟ್ಟು ನೋಡಿದರೆ ಇಲ್ದಿಕೊ ಎಲ್ಲೂ ಇರಲಿಲ್ಲ. ಹೊರಟೇಹೋದಳೇನೋ ಎಂದುಕೊಂಡಳು. ಹೋದರೂ ತಪ್ಪೆನ್ನಲು ಬರುವಂತಿರಲಿಲ್ಲ.

ತುಸು ಹೊತ್ತಿನಲ್ಲಿ ಗೇಟಿನ ಕಡೆಯಿಂದ ಇಲ್ದಿಕೊ ಬಂದಳು. ಎದುರಿನ ಖಾನಾವಳಿಗೆ ಒಬ್ಬಳೇ ಹೋಗಿದ್ದಳು. ಕೈಯಲ್ಲಿ ಪೇಪರಿನಲ್ಲಿ ಸುತ್ತಿದ ಎರಡು ಪೊಟ್ಟಣ, ರೊಟ್ಟಿಯವು. ಪಲ್ಯದ ಎಣ್ಣೆ ಪೇಪರಿಗೆ ಇಳಿದಿತ್ತು. ಮೊದಲು ವಾರ್ಡಿನೊಳಗೆ ಹೋಗಿ ನಿನ್ನೆಯಿಂದ ಕೂತಲ್ಲೇ ಕೂತಿದ್ದ ಶ್ವೇತಾಳ ಮಡಿಲಲ್ಲಿ ಒಂದನ್ನು ಇಟ್ಟಳು. ಆಮೇಲೆ ಬಂದು ಬೆಂಚಿನ ಮೇಲೆ ಪದ್ಮಜಾಳ ಪಕ್ಕ ಕೂತು, ಇನ್ನೊಂದನ್ನು ಬಿಚ್ಚಿ ಅವಳ ಕೈಗೆ ಕೊಟ್ಟಳು.